ಆರು ಭಾಷೆ ಮಾತಾಡ್ತೀನಿ, ಬರವಣಿಗೆಗೆ ಬಂದದ್ದು ಐದೂವರೆ

ಪ್ರಶ್ನೆ: ಟೀಚರ್, ನನ್ನ ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ವಯಸ್ಸು 31. ಹತ್ತನೆಯವರೆಗೆ ಕನ್ನಡ ಮೀಡಿಯಂ, ಆಮೇಲೆ ಮಂಗಳೂರಿನಲ್ಲಿ ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾ. ಆರು ವರ್ಷ ದುಬಾಯಿಯಲ್ಲಿ ಏಸಿ ಟೆಕ್ನಿಷಿಯನ್ ಆಗಿದ್ದೆ. ಕಳೆದ ಮಳೆಗಾಲಕ್ಕೆ ಊರಿಗೆ ಬಂದವನು ಈಗ ಇಲ್ಲೇ ಏಸಿ, ಫ್ರಿಜ್ ಸರ್ವಿಸ್ ಮಾಡುತ್ತಿದ್ದೇನೆ. ಹೆಂಡತಿ, ಒಂದು ಮಗು ಇದ್ದಾರೆ. ಕೆನಡಾ ಪಿಆರ್‌ಗೆಂದು, ಅಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿಗೆಂದು, ಐಇಎಲ್‌ಟಿಎಸ್ ಜನರಲ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದೆ. ಕೇಳುವುದಕ್ಕೆ 6.5, ಓದುವುದಕ್ಕೆ 6, ಮಾತಿಗೆ 6.5, ಬರವಣಿಗೆಗೆ 5.5 ಬಂತು. ಓವರಾಲ್ 6. ಇದು ಸಾಕು, ಕೆಲಸದ ಲೆಟರ್ ನಾವೇ ಮಾಡಿಸಿ ಕೊಡುತ್ತೇವೆ ಎಂದು ಏಜೆಂಟ್ ಹೇಳುತ್ತಾರೆ, ಅದಕ್ಕೆ ಲಕ್ಷಗಟ್ಟಲೆ ಕೇಳುತ್ತಾರೆ. ಗೆಳೆಯ ಜರ್ಮನ್ ಕಲಿ ಅನ್ನುತ್ತಾನೆ. ತುಳು, ಕನ್ನಡ, ಮಲಯಾಳ, ಬ್ಯಾರಿ, ಹಿಂದಿ ಎಲ್ಲ ಸಲೀಸಾಗಿ ಬರುತ್ತದೆ. ದುಬಾಯಿಯಲ್ಲಿ ದಿನವಿಡೀ ಇಂಗ್ಲಿಷೇ ಮಾತಾಡಿದ್ದೇನೆ. ಆದರೂ ಹೀಗಾಯಿತು. ಕನ್ನಡ ಮೀಡಿಯಂ ಆದ್ದರಿಂದಲೇ? ಮತ್ತೆ ಐಇಎಲ್‌ಟಿಎಸ್ ಬರೆಯಲೇ, ಜರ್ಮನ್ ಹಿಡಿಯಲೇ? ಅಭ್ಯಾಸಕ್ಕೆ ಬರೆದ ಎರಡು ಪತ್ರ ಜೊತೆಗೆ ಕಳಿಸಿದ್ದೇನೆ, ನೋಡಿ.

ಉತ್ತರ: ನಿಮ್ಮ ಎರಡು ಪತ್ರಗಳನ್ನೂ ಓದಿದೆ. ಮೊದಲು ಕನ್ನಡ ಮೀಡಿಯಂ ವಿಷಯ ಮುಗಿಸಿಬಿಡೋಣ. ಹದಿನೈದು ವರ್ಷದಿಂದ ಪಾಠ ಮಾಡ್ತಿದ್ದೇನೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬರವಣಿಗೆಗೆ 5.5 ತಂದವರು ನನ್ನ ಕ್ಲಾಸಿನಲ್ಲಿ ಬೇಕಾದಷ್ಟು ಇದ್ದರು. ಮೀಡಿಯಂ ಮೇಲೆ ತಪ್ಪು ಹೊರಿಸಿದರೆ ಮನಸ್ಸಿಗೆ ಹಗುರವಾಗುತ್ತದೆ, ಅಂಕ ಮಾತ್ರ ಏರುವುದಿಲ್ಲ.

ನಿಮ್ಮ ಮಲಯಾಳವನ್ನೇ ತೆಗೆದುಕೊಳ್ಳಿ. ಯಾರು ಕಲಿಸಿದರು? ಯಾರೂ ಇಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕ್ರಿಕೆಟ್ ಆಡುವ ಗದ್ದೆಯಲ್ಲಿ ಕಿವಿಗೆ ಬಿದ್ದು ಬಂದದ್ದು. ಕಾಸರಗೋಡಿನವರ ಮುಂದೆ ನೀವು ಮಲಯಾಳ ಮಾತಾಡಿದರೆ ಇವರು ಕನ್ನಡದವರು ಅಂತ ಗೊತ್ತೂ ಆಗಲಿಕ್ಕಿಲ್ಲ. ಆದರೆ ಪಂಚಾಯತಿಗೆ ಮಲಯಾಳದಲ್ಲಿ ಒಂದು ಅರ್ಜಿ ಬರೆಯಬೇಕು ಅಂದಾಗ ಏನು ಮಾಡ್ತೀರಿ? ಸರ್ಕಾರಿ ಅರ್ಜಿ ತುಂಬಿಸಿ ಕೊಡುವ ಅಕ್ಷಯ ಸೆಂಟರಿಗೆ ಹೋಗಿ ಅಲ್ಲಿರುವವರ ಹತ್ತಿರ ಬರೆಸ್ತೀರಿ, ಅಲ್ವಾ? ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದಾಗಿನಿಂದ ನಮ್ಮ ಮನೆಮನೆಯ ಕತೆ ಇದು. ಮಾತು ಬರುತ್ತದೆ, ಕಾಗದದ ಮುಂದೆ ಕೈ ನಿಲ್ಲುತ್ತದೆ.

ನಿಮ್ಮ ಇಂಗ್ಲಿಷ್ ಆಗಿರುವುದೂ ಹಾಗೆಯೇ. ಕಿವಿಯಿಂದ ಬಂದ ಭಾಷೆ ಅದು. ಹಾಗಾಗಿ ಕೇಳುವುದಕ್ಕೂ ಮಾತಿಗೂ 6.5 ಬಂತು. ಬರವಣಿಗೆಗೆ ಮಾತ್ರ ಪರೀಕ್ಷೆಯ ಹಾಲ್‌ನಲ್ಲಿ ಅಕ್ಷಯ ಸೆಂಟರ್ ಇರಲಿಲ್ಲ.

ಇನ್ನು ಏಜೆಂಟ್ ಹೇಳಿದ ‘ಓವರಾಲ್ 6 ಸಾಕು’ ಅನ್ನೋದು. ಅದು ಸುಳ್ಳು. ಪಿಆರ್‌ಗೆ ಇರುವ ದಾರಿಗಳಲ್ಲಿ ಒಂದಾದ ಕೆನಡಾದ ಫೆಡರಲ್ ಸ್ಕಿಲ್ಡ್ ವರ್ಕರ್ ದಾರಿಯಲ್ಲಿ ಓವರಾಲ್ ನೋಡುವುದೇ ಇಲ್ಲ. ನಾಲ್ಕು ಭಾಗವನ್ನೂ ಬೇರೆ ಬೇರೆ ನೋಡ್ತಾರೆ. ಪ್ರತಿಯೊಂದರಲ್ಲೂ ಸಿಎಲ್‌ಬಿ 7 ಬೇಕು. ಸಿಎಲ್‌ಬಿ ಅಂದರೆ ಅವರದ್ದೇ ಒಂದು ಅಳತೆಗೋಲು. ಐಇಎಲ್‌ಟಿಎಸ್ ಜನರಲ್‌ನಲ್ಲಿ ನಾಲ್ಕಕ್ಕೂ ಕನಿಷ್ಠ 6 ಬಂದರೆ ಸಿಎಲ್‌ಬಿ 7 ಆಗುತ್ತದೆ. ನಿಮ್ಮ 5.5 ಅಲ್ಲಿ ಸಿಎಲ್‌ಬಿ 6. ಅಷ್ಟಕ್ಕೇ ಬಾಗಿಲು ಮುಚ್ಚಿತು. ಉಳಿದ ಮೂರೂ ಚೆನ್ನಾಗಿದ್ದು ಪ್ರಯೋಜನವಾಗಲಿಲ್ಲ.

ಏಜೆಂಟ್ ಬಹುಶಃ ಇನ್ನೊಂದು ದಾರಿ ಮನಸ್ಸಿನಲ್ಲಿ ಇಟ್ಟುಕೊಂಡಿರಬಹುದು. ಫೆಡರಲ್ ಸ್ಕಿಲ್ಡ್ ಟ್ರೇಡ್ಸ್ ಅಂತ ಇದೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಏಸಿ ಮೆಕ್ಯಾನಿಕ್ ಇಂಥವರಿಗೆ ಇರುವುದು. ಅಲ್ಲಿ ಮಾತಿಗೂ ಕೇಳುವುದಕ್ಕೂ ಸಿಎಲ್‌ಬಿ 5, ಓದು ಬರಹಕ್ಕೆ ಸಿಎಲ್‌ಬಿ 4 ಸಾಕು. ನಿಮ್ಮ ಅಂಕ ಅದಕ್ಕಿಂತ ಎಷ್ಟೋ ಮೇಲಿದೆ. ಆದರೆ ಆ ದಾರಿಗೆ ಒಂದೋ ಕೆನಡಾದ ಕಂಪನಿಯಿಂದ ಕನಿಷ್ಠ ಒಂದು ವರ್ಷದ ಫುಲ್‌ಟೈಮ್ ಕೆಲಸದ ಆಫರ್ ಬೇಕು, ಇಲ್ಲವೇ ಅಲ್ಲಿನ ಯಾವುದಾದರೂ ಪ್ರಾಂತ್ಯ ಕೊಟ್ಟ ಟ್ರೇಡ್ ಸರ್ಟಿಫಿಕೇಟ್ ಬೇಕು. ‘ಲೆಟರ್ ನಾವೇ ಮಾಡಿಸಿ ಕೊಡ್ತೇವೆ’ ಅಂದದ್ದು ಇದಕ್ಕೇ. ಈ ಲೆಟರ್ ವ್ಯಾಪಾರ ಎಷ್ಟು ಕೆಟ್ಟಿತ್ತು ಅಂದರೆ, ಕೆಲಸದ ಆಫರ್‌ಗೆ ಅರ್ಜಿದಾರರ ರ್‍ಯಾಂಕಿಂಗ್‌ನಲ್ಲಿ ಕೊಡುತ್ತಿದ್ದ ಅಂಕಗಳನ್ನೇ ಕೆನಡಾ 2025ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ದುಡ್ಡು ಕೊಟ್ಟು ಲೆಟರ್ ತಗೊಳ್ಳಬೇಡಿ. ಸಿಕ್ಕಿಬಿದ್ದರೆ ಐದು ವರ್ಷ ಆ ದೇಶದ ಕಡೆ ತಲೆ ಹಾಕುವ ಹಾಗಿಲ್ಲ.

ಈಗ ನಿಮ್ಮ ಪತ್ರಕ್ಕೆ ಬರೋಣ. ನನಗೆ ಹೇಳಲಿಕ್ಕೆ ಜಾಸ್ತಿ ಇರುವುದು ಇಲ್ಲೇ.

ಮೊದಲ ಪತ್ರದ ವಿಷಯ ಹೀಗಿತ್ತು: ಹೊಸದಾಗಿ ಕೊಂಡ ಏಸಿ ಕೆಲಸ ಮಾಡುತ್ತಿಲ್ಲ, ಅಂಗಡಿಯ ಮ್ಯಾನೇಜರ್‌ಗೆ ಬರೆಯಿರಿ. ನಿಮಗಿಂತ ಚೆನ್ನಾಗಿ ಇದನ್ನು ಬರೆಯುವವರು ಯಾರಿದ್ದಾರೆ? ದಿನಾ ಇದೇ ಗೋಳು ನಿಮ್ಮ ಫೋನಿಗೆ ಬರುತ್ತದೆ. ನೀವು ಬರೆದದ್ದು ಇದು: ‘ಏಸಿ ಈಸ್ ನಾಟ್ ಕೂಲಿಂಗ್ ಫ್ರಮ್ ಲಾಸ್ಟ್ ಟೂ ವೀಕ್ ಅಂಡ್ ಐ ಕಾಲ್ಡ್ ಯುವರ್ ಟೆಕ್ನಿಷಿಯನ್ ಅಂಡ್ ಹಿ ಕೇಮ್ ಅಂಡ್ ಸೀನ್ ಅಂಡ್ ಟೋಲ್ಡ್ ಗ್ಯಾಸ್ ಫಿನಿಶ್.’

ಅರ್ಥ ಆಗುತ್ತದೆಯೇ? ಪೂರ್ತಿ ಆಗುತ್ತದೆ. ದುಬಾಯಿಯ ಸೈಟಿನಲ್ಲಿ ಫಿಲಿಪೀನ್ಸ್‌ನ ಫೋರ್‌ಮನ್‌ಗೂ ಪಾಕಿಸ್ತಾನದ ಡ್ರೈವರ್‌ಗೂ ಅರ್ಥವಾಗುತ್ತದೆ. ಅಲ್ಲಿ ಎಲ್ಲರೂ ಎರಡನೆಯ ಭಾಷೆಯನ್ನೇ ಮಾತಾಡುವವರು. ‘ಗ್ಯಾಸ್ ಫಿನಿಶ್’ ಅಂದರೆ ಕೆಲಸ ನಡೆಯುತ್ತದೆ. ಯಾರೂ ತಿದ್ದುವುದಿಲ್ಲ. ಹಾಗೆ ಆರು ವರ್ಷ ಯಾರೂ ತಿದ್ದದೆ ಇದ್ದದ್ದರಿಂದ ತಪ್ಪುಗಳೆಲ್ಲ ಗಟ್ಟಿಯಾಗಿ ಕೂತುಬಿಟ್ಟಿವೆ. ಹೊಸದಾಗಿ ಕಲಿಯುವವರಿಗಿಂತ ನಿಮಗೆ ಕಷ್ಟ ಆಗುವುದು ಇದರಿಂದ.

ಈ ವಾಕ್ಯದಲ್ಲಿ ‘ಅಂಡ್’ ಎಷ್ಟಿದೆ ನೋಡಿ. ನಾಲ್ಕು. ಯಾಕೆ ಗೊತ್ತಾ? ನೀವು ಕನ್ನಡದಲ್ಲಿ ಯೋಚಿಸಿದ್ದು. ‘ನಾನು ಫೋನ್ ಮಾಡಿ, ಅವನು ಬಂದು, ನೋಡಿ, ಗ್ಯಾಸ್ ಮುಗಿದಿದೆ ಅಂದ.’ ಕನ್ನಡದಲ್ಲಿ ಇದು ಚಂದದ ವಾಕ್ಯ. ಮಾಡಿ, ಬಂದು, ನೋಡಿ ಅಂತ ಮಣಿ ಪೋಣಿಸಿದ ಹಾಗೆ ಹೋಗಿ ಕೊನೆಯಲ್ಲಿ ಒಂದು ಪೂರ್ತಿ ಕ್ರಿಯಾಪದ ಬಂದರೆ ಆಯಿತು. ಇಂಗ್ಲಿಷಿನಲ್ಲಿ ಈ ದಾರ ಇಲ್ಲ. ಆ ಜಾಗಕ್ಕೆಲ್ಲ ನೀವು ‘ಅಂಡ್’ ತುರುಕಿದಿರಿ. ನಮ್ಮ ಕಡೆಯ ಹುಡುಗರ ಬರಹದಲ್ಲಿ ನಾನು ಮೊದಲು ಎಣಿಸುವುದೇ ಈ ‘ಅಂಡ್’.

ಹೀಗೆ ಬರೆದು ನೋಡಿ: ‘ದಿ ಏಸಿ ಹ್ಯಾಸ್ ನಾಟ್ ಬೀನ್ ಕೂಲಿಂಗ್ ಫಾರ್ ಟೂ ವೀಕ್ಸ್. ವೆನ್ ಯುವರ್ ಟೆಕ್ನಿಷಿಯನ್ ಚೆಕ್ಡ್ ಇಟ್, ಹಿ ಟೋಲ್ಡ್ ಮಿ ದಟ್ ದಿ ಗ್ಯಾಸ್ ಹ್ಯಾಡ್ ರನ್ ಔಟ್.’ ಎರಡು ವಾಕ್ಯ ಆಯಿತು. ದೊಡ್ಡ ಪದ ಒಂದೂ ಇಲ್ಲ. ‘ಅಂಡ್’ ಒಂದೂ ಇಲ್ಲ. ಬದಲಿಗೆ ‘ವೆನ್’ ಬಂತು, ‘ದಟ್’ ಬಂತು. ಎರಡು ವಾರದ ಹಿಂದೆ ಶುರುವಾಗಿ ಈಗಲೂ ಇರುವ ತೊಂದರೆಗೆ ‘ಹ್ಯಾಸ್ ಬೀನ್’ ಬಂತು. ಇದೊಂದು ರೂಪ ನಿಮ್ಮ ಎರಡೂ ಪತ್ರದಲ್ಲಿ ಎಲ್ಲಿಯೂ ಇಲ್ಲ. ‘ಫ್ರಮ್ ಲಾಸ್ಟ್’ ಅನ್ನುವುದು ‘ಕಳೆದ ಎರಡು ವಾರದಿಂದ’ ಅನ್ನುವುದರ ನೇರ ಅನುವಾದ. ‘ಎ’, ‘ದಿ’ ನಮ್ಮ ಭಾಷೆಗಳಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅವು ಕಿವಿಗೆ ಬಿದ್ದರೂ ಮನಸ್ಸು ಹಿಡಿದಿಟ್ಟುಕೊಳ್ಳುವುದಿಲ್ಲ. ಇವಿಷ್ಟೇ ನಿಮ್ಮ ಮುಖ್ಯ ರೋಗ. ಇಪ್ಪತ್ತು ತಪ್ಪು ಇದೆ ಅಂತ ನಿಮಗೆ ಅನಿಸಿರಬಹುದು. ನಾನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದು ನಾಲ್ಕೇ ಬಗೆ. ಅದೇ ನಾಲ್ಕು ತಿರುಗಿ ತಿರುಗಿ ಬಂದಿವೆ.

ಇನ್ನೊಂದು ವಿಷಯ. ಆ ಪ್ರಶ್ನೆಯ ಕೆಳಗೆ ಮೂರು ಅಂಶ ಕೊಟ್ಟಿರುತ್ತಾರೆ: ಏನು ತೊಂದರೆ, ಅದರಿಂದ ನಿಮಗೇನು ಕಷ್ಟವಾಯಿತು, ಅಂಗಡಿಯವರು ಏನು ಮಾಡಬೇಕು. ನೀವು ಮೊದಲನೆಯದನ್ನೇ ಮುಕ್ಕಾಲು ಪತ್ರ ಬರೆದಿದ್ದೀರಿ, ಕಂಪ್ರೆಸರ್ ಬಗ್ಗೆ ಒಂದು ಪ್ಯಾರಾನೇ ಇದೆ. (ಓದಲು ನನಗೆ ಖುಷಿಯಾಯಿತು, ಅದು ಬೇರೆ ಮಾತು.) ಮೂರನೆಯದನ್ನು ಬಿಟ್ಟೇಬಿಟ್ಟಿದ್ದೀರಿ. ಬರವಣಿಗೆಯನ್ನು ನಾಲ್ಕು ತಕ್ಕಡಿಯಲ್ಲಿ ತೂಗುತ್ತಾರೆ: ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ಹೇಳಿದ್ದು ಒಂದಕ್ಕೊಂದು ಹೊಂದಿಕೊಂಡಿದೆಯಾ, ಪದ, ವ್ಯಾಕರಣ. ನಾಲ್ಕಕ್ಕೂ ಸಮ ಅಂಕ. ಅಂಶ ಬಿಟ್ಟರೆ ಮೊದಲ ತಕ್ಕಡಿಯೇ ಕೆಳಗೆ ಬರುವುದಿಲ್ಲ.

ಬರವಣಿಗೆಯಲ್ಲಿ ಪತ್ರದ ನಂತರ ಬರುವುದು ಪ್ರಬಂಧ. ಅದರ ವಿಷಯಕ್ಕೆ ನನ್ನದೇ ಒಂದು ಕತೆ ಹೇಳ್ತೀನಿ. ನಾನೂ ಮಂಜೇಶ್ವರದ ಕಡೆಯ ಕನ್ನಡ ಮೀಡಿಯಂನವಳೇ. ಮೊದಲ ಸಲ ಈ ಪರೀಕ್ಷೆಗೆ ಕೂತಾಗ ಒಂದು ಕೋಚಿಂಗ್ ಸೆಂಟರಿನಲ್ಲಿ ಬಾಯಿಪಾಠ ಮಾಡಿಸಿದ್ದನ್ನೆಲ್ಲ ಹಾಗೇ ಇಳಿಸಿದೆ. ‘ಇನ್ ದಿಸ್ ಮಾಡರ್ನ್ ಎರಾ’ ಅಂತ ಶುರು, ‘ಎವ್ರಿ ಕಾಯಿನ್ ಹ್ಯಾಸ್ ಟೂ ಸೈಡ್ಸ್’ ಅಂತ ಮುಕ್ತಾಯ. ಮಧ್ಯೆ ನನಗೇ ಅರ್ಥ ಗೊತ್ತಿಲ್ಲದ ನಾಲ್ಕು ಪದ. 5.5 ಬಂತು. ನಿಮ್ಮಷ್ಟೇ! ಬಾಯಿಪಾಠದ ಸಾಲು ಕಣ್ಣಿಗೆ ಬಿದ್ದ ಕೂಡಲೇ ಪರೀಕ್ಷಕರಿಗೆ ವಾಸನೆ ಹೊಡೆಯುತ್ತದೆ.

ಆಮೇಲೆ ನನಗೆ ದಾರಿ ಸಿಕ್ಕಿದ್ದು ತಾಳಮದ್ದಳೆಯಿಂದ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಿಂದ. ನಗಬೇಡಿ. ನೀವು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಪಕ್ಕದವರು, ರಾತ್ರಿ ಕೂತು ವಾಲಿ ರಾಮರ ವಾದ ಕೇಳಿಯೇ ಇರ್ತೀರಿ. ವಾಲಿಯ ಅರ್ಥ ಹೇಳುವವರು ಏನು ಮಾಡ್ತಾರೆ? ‘ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ?’ ಅಂತ ಒಂದೇ ಪ್ರಶ್ನೆ ಹಿಡಿದು, ಅದಕ್ಕೆ ಕಾರಣ ಕೊಟ್ಟು, ಉದಾಹರಣೆ ಕೊಟ್ಟು, ಪಟ್ಟು ಬಿಡದೆ ನಿಲ್ತಾರೆ. ರಾಮನ ಅರ್ಥಧಾರಿ ಆ ಮಾತನ್ನು ಪೂರ್ತಿ ಕೇಳಿ, ‘ನೀನು ಹೇಳುವುದು ಇಷ್ಟು, ಅಲ್ಲವೇ?’ ಅಂತ ಒಪ್ಪಿಸಿಕೊಂಡು, ಆಮೇಲೆ ತನ್ನ ಉತ್ತರ ಕೊಡ್ತಾರೆ. ಐಇಎಲ್‌ಟಿಎಸ್ ಪ್ರಬಂಧ ಕೇಳುವುದು ಇದನ್ನೇ: ನಿಮ್ಮ ಪಕ್ಷ ಯಾವುದು ಹೇಳಿ, ಕಾರಣ ಕೊಡಿ, ಎದುರಿನವರು ಏನು ಹೇಳಬಹುದು ಹೇಳಿ, ಅದಕ್ಕೆ ಉತ್ತರ ಕೊಡಿ. 250 ಪದದಲ್ಲಿ ವಾಲಿಗೆ ಒಂದು ಪ್ಯಾರಾ, ರಾಮನಿಗೆ ಒಂದು ಪ್ಯಾರಾ. ಮೊದಲು ತುಳುವಿನಲ್ಲೋ ಕನ್ನಡದಲ್ಲೋ ಬಾಯಲ್ಲಿ ವಾದ ಮಾಡಿ ನೋಡಿ. ವಾದ ಸರಿ ನಿಂತ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಪತ್ರಕ್ಕಿಂತ ಪ್ರಬಂಧಕ್ಕೆ ಎರಡು ಪಟ್ಟು ತೂಕ ಇದೆ. ಹಾಗಾಗಿ ಒಂದು ಗಂಟೆಯಲ್ಲಿ ನಲವತ್ತು ನಿಮಿಷ ಅದಕ್ಕೇ ಇಡಿ.

ಮಾತಿನ ಭಾಗದ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಹೌದು, ಇಲ್ಲ ಅಂತ ಒಂದೇ ಮಾತಿಗೆ ನಿಲ್ಲಿಸಬೇಡಿ, ಅಷ್ಟೇ. ಓದುವುದಕ್ಕೆ ವೇಗ ಬೇಕು, ಅದು ದಿನಾ ಓದಿದರೆ ಮಾತ್ರ ಬರುವಂಥದ್ದು. ಏಸಿಯ ಜೊತೆ ಬರುವ ಇನ್‌ಸ್ಟಾಲೇಷನ್ ಮ್ಯಾನುಯಲ್ ಇದೆಯಲ್ಲ, ಚಿತ್ರ ನೋಡಿ ಬಿಸಾಡುವುದು? ಅದನ್ನು ಒಮ್ಮೆ ಪೂರ್ತಿ ಓದಿ.

ಐದೂವರೆಯನ್ನು ಆರು ಮಾಡಲು ನಿಮಗೆ ಎರಡು ತಿಂಗಳು ಸಾಕು ಅಂತ ನನ್ನ ಅಂದಾಜು. ದಿನಕ್ಕೊಂದು ಪತ್ರ ಅಥವಾ ಪ್ರಬಂಧ, ವಾರಕ್ಕೆ ಎರಡನ್ನಾದರೂ ಮನುಷ್ಯರ ಕೈಯಲ್ಲಿ ತಿದ್ದಿಸಬೇಕು. ಮೊಬೈಲಿನ ಆ್ಯಪ್ ತಿದ್ದಿ ಕೊಡುತ್ತದೆ, ನಿಜ. ಆದರೆ ಅದು ಸರಿ ಮಾಡಿದ್ದನ್ನು ನೀವು ನೋಡಿ ‘ಓಹೋ’ ಅಂತೀರಿ, ಮರುದಿನ ಅದೇ ತಪ್ಪು ಮಾಡ್ತೀರಿ. ತಿದ್ದಿದ ಪತ್ರವನ್ನು ಮುಚ್ಚಿಟ್ಟು ಮೂರು ದಿನ ಬಿಟ್ಟು ಮತ್ತೆ ಅದನ್ನೇ ಬರೆಯಿರಿ. ಬೇಜಾರಿನ ಕೆಲಸ. ಹಿಡಿಯುವುದು ಮಾತ್ರ ಹೀಗೆಯೇ.

ಹಾಗಾದರೆ ಮತ್ತೆ ಐಇಎಲ್‌ಟಿಎಸ್ ಬರೆಯಿರಿ ಅಂತೀನಾ? ಈಗ ಬೇಡ ಅಂತೀನಿ. ಯಾಕೆ ಅಂತ ಲೆಕ್ಕ ಹೇಳ್ತೀನಿ.

ಸಿಎಲ್‌ಬಿ 7 ಬಂದರೆ ಎಕ್ಸ್‌ಪ್ರೆಸ್ ಎಂಟ್ರಿ, ಅಂದರೆ ಕೆನಡಾ ಪಿಆರ್‌ಗೆ ಜನರನ್ನು ಆರಿಸುವ ವ್ಯವಸ್ಥೆ, ಅದರ ಕೊಳದೊಳಗೆ ಇಳಿಯಬಹುದು, ಅಷ್ಟೇ. ಆಮೇಲೆ ಕರೆಯುವುದು ರ್‍ಯಾಂಕಿಂಗ್ ನೋಡಿ. ನಿಮ್ಮ ವಯಸ್ಸು, ಡಿಪ್ಲೊಮಾ, ಅನುಭವ, ಜೊತೆಗೆ ನಾಲ್ಕೂ ಸಿಎಲ್‌ಬಿ 7 ಅಂತ ಇಟ್ಟುಕೊಂಡು ನಾನು ಕೂಡಿಸಿ ನೋಡಿದರೆ 300ರ ಆಸುಪಾಸು ಬರುತ್ತದೆ. ಹೀಗೆ ಕರೆಯುವ ಒಂದೊಂದು ಸುತ್ತಿಗೆ ಡ್ರಾ ಅಂತಾರೆ. ಫ್ರೆಂಚ್ ಬಲ್ಲವರ ಡ್ರಾ ಬಿಟ್ಟರೆ 400ಕ್ಕಿಂತ ಕೆಳಗೆ ಕರೆದದ್ದು ತೀರಾ ಕಡಿಮೆ. ಈಚೆಗಂತೂ 500 ದಾಟಿದ್ದೇ ಜಾಸ್ತಿ.

ಇಂಗ್ಲಿಷ್ ಇನ್ನೂ ಏರಿಸಿದರೆ? ಹೆಂಡತಿ ಜೊತೆಗೆ ಹೋಗುವ ಅರ್ಜಿಯಲ್ಲಿ ನಾಲ್ಕೂ ಸಿಎಲ್‌ಬಿ 7 ಇದ್ದರೆ ಭಾಷೆಗೆ 64 ಅಂಕ. ನಾಲ್ಕೂ ಸಿಎಲ್‌ಬಿ 9 ಇದ್ದರೆ 116. ಅದರ ಜೊತೆಗೆ ಓದು ಮತ್ತು ಭಾಷೆ, ಅನುಭವ ಮತ್ತು ಭಾಷೆ ಅಂತ ಜೋಡಿ ಅಂಕಗಳು ಬೇರೆ ಇವೆ. ಅವು 38ರಿಂದ 75ಕ್ಕೆ ಏರುತ್ತವೆ. ಒಟ್ಟು 89 ಅಂಕ ಜಾಸ್ತಿ. ಭಾಷೆಯೊಂದರಿಂದಲೇ ಇಷ್ಟು ಸಿಗುವುದು ಸಣ್ಣ ಮಾತಲ್ಲ. ಆದರೆ ಸಿಎಲ್‌ಬಿ 9 ಅಂದರೆ ಕೇಳುವುದಕ್ಕೆ 8, ಉಳಿದ ಮೂರಕ್ಕೂ 7. ನಿಮಗೆ ಅಲ್ಲಿಗೆ ತಲುಪಲು ಒಂದು ವರ್ಷ ಬೇಕು. ತಲುಪಿದರೂ 400ರ ಕೆಳಗೇ ನಿಲ್ತೀರಿ. ಯಾವುದಾದರೂ ಪ್ರಾಂತ್ಯ ನಾಮಿನೇಷನ್ ಕೊಟ್ಟರೆ 600 ಅಂಕ ಒಮ್ಮೆಲೇ ಬರುತ್ತದೆ, ಆಗ ಕತೆ ಬೇರೆ. ಅದನ್ನು ನಂಬಿ ಕೂತರೆ ಮಾತ್ರ ನಂಬಿಕೆಯೇ ಕೆಲಸ ಆಗಿಬಿಡುತ್ತದೆ.

ಫ್ರೆಂಚ್ ಕಲಿತರೆ ಹೇಗೆ ಅಂತ ಕೇಳಬಹುದು. ಅಂಕ ಸಿಗುತ್ತದೆ, ಡ್ರಾದಲ್ಲಿ ಕಡಿಮೆ ಅಂಕದವರನ್ನೂ ಕರೆಯುತ್ತಾರೆ. ಆದರೆ ಸೊನ್ನೆಯಿಂದ ಅವರು ಕೇಳುವ ಮಟ್ಟಕ್ಕೆ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ನಮ್ಮ ದಕ್ಷಿಣಕ್ಕಿರುವ ಮಾಹೆ ಪಟ್ಟಣ 1954ರವರೆಗೆ ಫ್ರೆಂಚರ ಕೈಯಲ್ಲಿತ್ತು. ನಾವು ಅದನ್ನು ಕಂಡದ್ದು ರೈಲಿನ ಕಿಟಕಿಯಿಂದ ಮಾತ್ರ. ಇರಲಿ.

ಈಗ ನಿಮ್ಮ ಗೆಳೆಯನ ಮಾತಿಗೆ ಬನ್ನಿ. 2024ರ ಜೂನ್ 1ರಿಂದ ಜರ್ಮನಿ ‘ಚಾನ್ಸನ್‌ಕಾರ್ಟೆ’ ಅನ್ನುವ ಕಾರ್ಡ್ ಕೊಡಲು ಶುರು ಮಾಡಿದೆ. ಅಲ್ಲಿಗೆ ಹೋಗಿ ಒಂದು ವರ್ಷದವರೆಗೆ ಕೆಲಸ ಹುಡುಕಬಹುದು. ಆ ಹೊತ್ತಿನಲ್ಲಿ ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ಕೆಲಸ ಮಾಡಬಹುದು. ಮೊದಲ ಶರತ್ತು: ನಮ್ಮ ದೇಶದಲ್ಲಿ ಮಾನ್ಯವಾದ ಕನಿಷ್ಠ ಎರಡು ವರ್ಷದ ತರಬೇತಿ ಅಥವಾ ಡಿಗ್ರಿ. ನಿಮ್ಮದು ಮೂರು ವರ್ಷದ ಡಿಪ್ಲೊಮಾ, ಆಯಿತು. ಎರಡನೆಯದು: ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2. (ಭಾಷೆಯ ಮಟ್ಟ ಎ1, ಎ2, ಬಿ1, ಬಿ2 ಅಂತ ಮೇಲೇರುತ್ತದೆ.) ಇವೆರಡು ಆದ ಮೇಲೆ 6 ಅಂಕ ಕೂಡಿಸಬೇಕು.

ನಿಮ್ಮದನ್ನು ಕೂಡಿಸೋಣ. ವಯಸ್ಸು 35 ದಾಟಿಲ್ಲ, 2 ಅಂಕ. ಓದಿಗೆ ಸಂಬಂಧಪಟ್ಟ ಕೆಲಸದಲ್ಲಿ ಕಳೆದ 7 ವರ್ಷದಲ್ಲಿ 5 ವರ್ಷ ಅನುಭವ, 3 ಅಂಕ. ಐದು ಆಯಿತು. ಉಳಿದದ್ದು ಒಂದೇ ಒಂದು ಅಂಕ. ಜರ್ಮನ್ ಎ2 ಪಾಸಾದರೆ ಆ ಒಂದು ಅಂಕ ಸಿಗುತ್ತದೆ. ಬಿ1 ಆದರೆ 2, ಬಿ2 ಆದರೆ 3.

ಕೆನಡಾದಲ್ಲಿ 89 ಅಂಕ ಏರಿಸಿದರೂ ದಡ ಸೇರುವುದಿಲ್ಲ, ಇಲ್ಲಿ ಒಂದು ಅಂಕಕ್ಕೆ ಸೇರ್ತೀರಿ. ಅದಕ್ಕೇ ನಿಮ್ಮ ಮುಂದಿನ ಆರು ತಿಂಗಳು ಜರ್ಮನ್‌ಗೆ ಹೋಗಲಿ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಹಾಲಿನಲ್ಲಿ ಸಕ್ಕರೆ ಹಾಕಿ ಕೊಡುವುದಿಲ್ಲ, ಕೇಳಿ. ಈ ಕಾರ್ಡ್ ಕೆಲಸ ಹುಡುಕಲಿಕ್ಕೆ ಇರುವುದು, ಕೆಲಸ ಕೊಡಲಿಕ್ಕೆ ಅಲ್ಲ. ಖರ್ಚಿಗೆ ಒಂದು ವರ್ಷದ ದುಡ್ಡು ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು. 2025ರ ಲೆಕ್ಕದಲ್ಲಿ ಅದು 13,000 ಯೂರೋಗಿಂತ ಸ್ವಲ್ಪ ಜಾಸ್ತಿ. ನಿಮ್ಮದೇ ದುಡ್ಡು, ತಿಂಗಳು ತಿಂಗಳು ನಿಮಗೇ ವಾಪಸ್ ಬರುತ್ತದೆ, ಆದರೂ ಮೊದಲು ಕೈಯಲ್ಲಿ ಇರಬೇಕಲ್ಲ. ಮೊದಲು ನೀವೊಬ್ಬರೇ ಹೋಗುವ ಲೆಕ್ಕದಲ್ಲಿ ಯೋಚಿಸಿ. ಕೆಲಸ ಸಿಕ್ಕಿ ವೀಸಾ ಬದಲಾದ ಮೇಲೆ ಹೆಂಡತಿ ಮಗುವಿನ ವಿಷಯ. ಇನ್ನು ಎ2 ಜರ್ಮನ್ ಇಟ್ಟುಕೊಂಡು ಹೋದರೆ ಕಾರ್ಡ್ ಸಿಗಬಹುದು, ಕಂಪನಿಯವರು ಕೇಳುವುದು ಹೆಚ್ಚಾಗಿ ಬಿ1. ಗಿರಾಕಿಯ ಮನೆಗೆ ಹೋಗಿ ಏಸಿ ಬಿಚ್ಚುವವನಿಗೆ ಗಿರಾಕಿಯ ಮಾತು ಅರ್ಥವಾಗಬೇಡವೇ? ಹಾಗಾಗಿ ಎ2 ಪಾಸಾದ ಕೂಡಲೇ ನಿಲ್ಲಿಸದೆ ಬಿ1ಗೆ ಹೋಗಿ, ಆಮೇಲೆ ವಿಮಾನ ಹತ್ತಿ. ನಿಮ್ಮ ಕೆಲಸಕ್ಕೆ ಅಲ್ಲಿ ಪ್ರತ್ಯೇಕ ಹೆಸರೇ ಇದೆ: ಮೆಕಾಟ್ರೋನಿಕರ್ ಫ್ಯೂರ್ ಕೆಲ್ಟೆಟೆಖ್ನಿಕ್. ನಿಮ್ಮ ಡಿಪ್ಲೊಮಾ ಅದಕ್ಕೆ ಎಷ್ಟು ಹೊಂದುತ್ತದೆ ಅಂತ ಈಗಲೇ ವಿಚಾರಿಸಿ. ಪೂರ್ತಿ ಅಲ್ಲದಿದ್ದರೂ ಅರ್ಧಂಬರ್ಧ ಮಾನ್ಯತೆ ಸಿಕ್ಕಿದರೆ ಅದಕ್ಕೇ 4 ಅಂಕ ಇದೆ. ಜರ್ಮನ್ ಸರ್ಕಾರದ ‘ಮೇಕ್ ಇಟ್ ಇನ್ ಜರ್ಮನಿ’ ಜಾಲತಾಣದಲ್ಲಿ ಅಂಕ ಕೂಡಿಸಿ ನೋಡುವ ಸೌಲಭ್ಯವಿದೆ. ನನ್ನ ಲೆಕ್ಕವನ್ನು ಅಲ್ಲಿ ಒಮ್ಮೆ ತಾಳೆ ನೋಡಿ. ಪುಕ್ಕಟೆ.

ಜರ್ಮನ್ ಕಷ್ಟವೇ? ಇಂಗ್ಲಿಷ್ ಮಾತ್ರ ಬಲ್ಲವರಿಗೆ ಕಷ್ಟ. ನಮಗೆ ಕೆಲವು ಕಡೆ ಮನೆಗೆ ಬಂದ ಹಾಗೆ ಅನಿಸುತ್ತದೆ. ‘ಇಶ್ ಮುಸ್ ದೀ ಕ್ಲೀಮಾಆನ್‌ಲಾಗೆ ರೆಪಾರೀರೆನ್.’ ಕ್ಲೀಮಾಆನ್‌ಲಾಗೆ ಅಂದರೆ ಏಸಿ. ನಾನು ಏಸಿ ರಿಪೇರಿ ಮಾಡಬೇಕು ಅಂತ ಅರ್ಥ. ರಿಪೇರಿ ಅನ್ನುವ ಪದ ಕೊನೆಗೆ ಹೋಗಿ ಕೂತಿದೆ ನೋಡಿ. ‘ಇಶ್ ವೈಸ್, ದಾಸ್ ದೀ ಕ್ಲೀಮಾಆನ್‌ಲಾಗೆ ಕಪುಟ್ ಇಸ್ಟ್.’ ಏಸಿ ಕೆಟ್ಟಿದೆ ಅಂತ ನನಗೆ ಗೊತ್ತು. ಇಲ್ಲೂ ‘ಇದೆ’ ಅನ್ನುವುದು ಕೊನೆಗೆ. ನನ್ನ ಕ್ಲಾಸಿನಲ್ಲಿ ಇಂಗ್ಲಿಷ್ ಮೀಡಿಯಂ ಹುಡುಗರು ಇದಕ್ಕೆ ಒಂದು ವಾರ ಒದ್ದಾಡ್ತಾರೆ. ಮುಳ್ಳೇರಿಯದ ಕಡೆಯ ಕನ್ನಡ ಮೀಡಿಯಂ ಹುಡುಗಿಯೊಬ್ಬಳು ‘ಇದರಲ್ಲಿ ಏನು ವಿಶೇಷ ಟೀಚರ್?’ ಅಂತ ಕೇಳಿದಳು.

ನೀನು, ನೀವು ಅನ್ನುವ ವ್ಯತ್ಯಾಸ ಅಲ್ಲೂ ಇದೆ: ದೂ, ಜೀ. ಗಿರಾಕಿಗೆ ಜೀ ಅನ್ನಬೇಕು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ವಿಭಕ್ತಿಯ ಹಾಗೆ ಅಲ್ಲೂ ಪದದ ರೂಪ ಬದಲಾಗುತ್ತದೆ. ಪದ ಜೋಡಿಸುವುದಂತೂ ನಮ್ಮ ಸಮಾಸವೇ. ಫ್ರಿಜ್‌ಗೆ ಕ್ಯೂಲ್‌ಶ್ರಾಂಕ್ ಅಂತಾರೆ, ತಂಪು ಮತ್ತು ಕಪಾಟು. ಹೆಣಗಬೇಕಾದ್ದು ಲಿಂಗದ ಹತ್ತಿರ. ಮೇಜು ಗಂಡು, ದೀಪ ಹೆಣ್ಣು. ಹುಡುಗಿಗೆ ಹೇಳುವ ‘ಮೇಡ್‌ಶೆನ್’ ಮಾತ್ರ ನಪುಂಸಕ! ಎಲ್ಲರೂ ಇದಕ್ಕೆ ನಗ್ತಾರೆ. ನಮ್ಮ ಹವ್ಯಕರ ಮನೆಯಲ್ಲಿ ಮಗಳು ಬಂದರೆ ‘ಅದು ಬಂತು’ ಅನ್ನುವುದನ್ನು ಕೇಳಿ ಬೆಳೆದ ನಮಗೆ ನಗಲು ಏನಿದೆ? ಆದರೂ ಪ್ರತಿ ಪದವನ್ನೂ ಲಿಂಗ ತೋರಿಸುವ ಅದರ ದೇರ್, ದೀ, ದಾಸ್ ಸಮೇತ ಕಲಿಯಲೇಬೇಕು. ಬೇರೆ ದಾರಿ ಇಲ್ಲ.

ಹಳೆಯ ತಪ್ಪನ್ನು ಮಾತ್ರ ಮತ್ತೆ ಮಾಡಬೇಡಿ. ನಿಮ್ಮ ಕಿವಿ ಚುರುಕು. ಎರಡೇ ತಿಂಗಳಲ್ಲಿ ಜರ್ಮನ್ ಮಾತಾಡಲು ಶುರು ಮಾಡ್ತೀರಿ, ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದೆ ಇರ್ತೀರಿ. ಆಗ ಬರೆಯುವುದನ್ನು ಬಿಟ್ಟುಬಿಡ್ತೀರಿ. ಅಲ್ಲಿಗೆ ಮತ್ತೆ ಐದೂವರೆಯ ಕತೆ. ಮೊದಲ ದಿನದಿಂದಲೇ ದಿನಕ್ಕೆ ಐದು ವಾಕ್ಯ ಬರೆಯಿರಿ. ಜರ್ಮನ್ ಕಲಿಸುವ ಗೊಯ್ಟೆ ಸಂಸ್ಥೆಯ ಎ2 ಪರೀಕ್ಷೆಯಲ್ಲಿ ಬರವಣಿಗೆ ಅಂದರೆ ಗೆಳೆಯನಿಗೆ 20–30 ಪದದ ಒಂದು ಮೆಸೇಜ್, ಸ್ವಲ್ಪ ಮರ್ಯಾದೆಯ 30–40 ಪದದ ಒಂದು ಮೇಲ್. 250 ಪದದ ಪ್ರಬಂಧ ಇಲ್ಲ. ನೂರಕ್ಕೆ 60 ಬಂದರೆ ಪಾಸ್. ಸೊನ್ನೆಯಿಂದ ಎ2ಗೆ 200ರಿಂದ 350 ಪಾಠ ಅಂತ ಲೆಕ್ಕ, ಒಂದು ಪಾಠಕ್ಕೆ ಮುಕ್ಕಾಲು ಗಂಟೆ. ದಿನಕ್ಕೆ ಎರಡು ಗಂಟೆ ಕೊಟ್ಟರೆ, ತಪ್ಪಿದ ದಿನಗಳೂ ಸೇರಿ ಹೆಚ್ಚೆಂದರೆ ಐದಾರು ತಿಂಗಳು.

ಎಲ್ಲಿ ಕಲಿಯುವುದು? ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನ, ಕೊಚ್ಚಿ ಮತ್ತು ತಿರುವನಂತಪುರದ ಗೊಯ್ಟೆ ಸೆಂಟ್ರುಮ್‌ಗಳಲ್ಲಿ ಪಾಠ, ಪರೀಕ್ಷೆ ಎರಡೂ ನಡೆಯುತ್ತವೆ. ಪರೀಕ್ಷೆಯ ಸೀಟು ಬೇಗ ಮುಗಿಯುತ್ತದೆ, ಮುಂಚೆಯೇ ನೋಡಿಟ್ಟುಕೊಳ್ಳಿ. ನಮ್ಮವರು ಮರೆಯುವ ಇನ್ನೊಂದು ಜಾಗ ಇದೆ. ಓದಿದ್ದು ಮಂಗಳೂರು, ದಿನಸಿ ತರುವುದು ಮಂಗಳೂರಿಂದ, ಹಾಗಾಗಿ ನಾವು ಕೇರಳದವರು ಅನ್ನುವುದೇ ಕೆಲವೊಮ್ಮೆ ನೆನಪಿರುವುದಿಲ್ಲ. ಹೊರದೇಶಕ್ಕೆ ಹೋಗುವವರಿಗೆಂದು ಇರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್ ನಮಗೂ ಸೇರಿದ್ದು. ಅದರ ಭಾಷಾ ಸಂಸ್ಥೆ ತಿರುವನಂತಪುರ, ಕೋಟ್ಟಯಂ, ಕೋಝಿಕ್ಕೋಡ್‌ನಲ್ಲಿದೆ. ಅಲ್ಲಿ ಐಇಎಲ್‌ಟಿಎಸ್, ಒಇಟಿ (ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ), ಜರ್ಮನ್ ಕಲಿಸ್ತಾರೆ. ನರ್ಸ್‌ಗಳಿಗೆ ಮೊದಲ ಜಾಗ, ನಿಮ್ಮಂಥವರಿಗೆ ಬ್ಯಾಚ್ ಇದೆಯೇ ಎಂದು ಕಾಸರಗೋಡಿನ ಕಚೇರಿಯಲ್ಲಿ ಕೇಳಿ. ಮನೆಯಲ್ಲಿ ನರ್ಸಿಂಗ್ ಓದಿದ ತಂಗಿಯೋ ನಾದಿನಿಯೋ ಇದ್ದರೆ 2021ರಲ್ಲಿ ನೋರ್ಕಾ ಜರ್ಮನಿಯೊಂದಿಗೆ ಮಾಡಿಕೊಂಡ ಟ್ರಿಪಲ್ ವಿನ್ ಅನ್ನುವ ನರ್ಸ್ ನೇಮಕಾತಿಯ ಒಪ್ಪಂದದ ಬಗ್ಗೆಯೂ ವಿಚಾರಿಸಿ. ಅದರಲ್ಲಿ ಆಯ್ಕೆಯಾದವರಿಗೆ ಬಿ1ರವರೆಗೆ ಭಾಷೆ ಪುಕ್ಕಟೆ. ವೀಸಾ ವಿಷಯದಲ್ಲಿ ಗೊಂದಲವಿಲ್ಲ. ಕೇರಳ, ಕರ್ನಾಟಕ ಎರಡಕ್ಕೂ ಬೆಂಗಳೂರಿನ ಜರ್ಮನ್ ಕಾನ್ಸುಲೇಟೇ.

ದುಬಾಯಿಯ ಕಂಪನಿಯಿಂದ ಅನುಭವದ ಪತ್ರ ತಂದಿದ್ದೀರಾ? ತಾರೀಕು, ಹುದ್ದೆ, ಏನು ಕೆಲಸ ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಆ 3 ಅಂಕ ನಿಂತಿರುವುದೇ ಆ ಕಾಗದದ ಮೇಲೆ. ಇಲ್ಲದಿದ್ದರೆ ಹಳೆಯ ಸೂಪರ್‌ವೈಸರ್ ಅಲ್ಲಿಂದ ಹೋಗುವ ಮೊದಲು ಇವತ್ತೇ ಫೋನ್ ಮಾಡಿ.

ಏಜೆಂಟ್‌ಗೆ ಅಡ್ವಾನ್ಸ್ ಕೊಟ್ಟಿಲ್ಲ ಅಂತ ಅಂದುಕೊಳ್ತೀನಿ. ಕೊಟ್ಟಿದ್ದರೆ ರಸೀದಿ ಕೇಳಿ, ಸಹಿ ಮಾಡಿದ ಕಾಗದದ ಫೋಟೋ ತೆಗೆದಿಟ್ಟುಕೊಳ್ಳಿ. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವವರಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು, ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹಾಕಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಲೈಸೆನ್ಸ್ ಇದ್ದವರೂ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ.

ನಿಮ್ಮ ಎರಡು ಪತ್ರಗಳನ್ನು ಗುರುತು ಹಾಕಿ ವಾಪಸ್ ಕಳಿಸಿದ್ದೇನೆ. ಜರ್ಮನ್ ಶುರು ಮಾಡಿದರೂ ಇಂಗ್ಲಿಷನ್ನು ಪೂರ್ತಿ ಬಿಡಬೇಡಿ, ವಾರಕ್ಕೊಂದು ಪತ್ರ ಬರೆಯಿರಿ. ಈ ವಾರದ್ದು: ನೀವು ರಿಪೇರಿ ಮಾಡಿದ ಏಸಿ ಎರಡೇ ದಿನಕ್ಕೆ ಮತ್ತೆ ಕೆಟ್ಟಿದೆ, ಗಿರಾಕಿ ಸಿಟ್ಟಾಗಿದ್ದಾರೆ. ಅವರಿಗೆ ಕ್ಷಮೆ ಕೇಳಿ, ಕಾರಣ ತಿಳಿಸಿ, ಯಾವಾಗ ಬರ್ತೀರಿ ಹೇಳಿ. ನೂರೈವತ್ತು ಪದ. ಕಳಿಸುವ ಮುಂಚೆ ‘ಅಂಡ್’ ಎಷ್ಟಿದೆ ಅಂತ ನೀವೇ ಎಣಿಸಿ, ಮೇಲ್ಗಡೆ ಮೂಲೆಯಲ್ಲಿ ಬರೆದು ಕಳಿಸಿ.